ಒಂದೆಲಗದ ತಂಬುಳಿ ಮತ್ತು ಒಂದು ದೂರವಾಣಿ ಕರೆ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತ್ತು. ಮಾತು ಊರಿನ ಮಳೆಬೆಳೆಯ ಸುತ್ತ ಸುಳಿದು ಕೊನೆಗೆ ಮಗನ ಬಳಿ ನಿಂತಿತು. ರಾತ್ರಿಯೆಲ್ಲ ಓದಲೆಂದು ಹಾಸ್ಟೆಲಿನಲ್ಲಿ ಮೆಥಾಂಫೆಟಮೈನ್ ಎಂಬ ಉತ್ತೇಜಕ ಮಾದಕವಸ್ತುವಿಗೆ ಅಂಟಿಕೊಂಡ ಹುಡುಗ ಈಗ ಮನೆಗೆ ಮರಳಿದ್ದಾನೆ. ಓದಿದ್ದೊಂದೂ ನೆನಪಿನಲ್ಲಿ ನಿಲ್ಲುತ್ತಿಲ್ಲವಂತೆ. “ದಿನವೂ ಒಂದೆಲಗದ ರಸ ಕೊಡುತ್ತಿದ್ದೇವೆ ಮೇಷ್ಟ್ರೇ, ಸರಿಹೋಗುತ್ತಾನಲ್ಲವೇ?” ಎಂದು ಕೇಳಿದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆ ಬಂತೆಂದರೆ ನನ್ನ ತಾಯಿಯೂ ಒಂದೆಲಗದ ತಂಬುಳಿ ಮಾಡುತ್ತಿದ್ದರು. ತರಗತಿಯಲ್ಲಿ ನಾನು ಅದನ್ನು ಹೊಗಳಿದ್ದು ನಿಮಗೂ ನೆನಪಿರಬಹುದು. ಆದರೆ ಬ್ರಾಹ್ಮಿ ಎಂಬ ಹೆಸರು ನಮ್ಮಲ್ಲಿ ಒಂದೆಲಗಕ್ಕೂ ಇದೆ, ನೀರುಬ್ರಾಹ್ಮಿಗೂ ಇದೆ. ಇವೆರಡೂ ಬೇರೆ ಬೇರೆ ಸಸ್ಯಗಳು. ನೀರುಬ್ರಾಹ್ಮಿಯಲ್ಲಿ ಬ್ಯಾಕೊಸೈಡ್ ಎಂಬ ಅಂಶಗಳಿವೆ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 40ರಿಂದ 65 ವರ್ಷದ 76 ಮಂದಿ ಭಾಗವಹಿಸಿದ್ದರು. ಮೂರು ತಿಂಗಳು ನೀರುಬ್ರಾಹ್ಮಿ ಸೇವಿಸಿದವರಿಗೆ ಹೊಸದಾಗಿ ಕಲಿತದ್ದರ ಮರೆವು ಕಡಿಮೆಯಾಯಿತು. ಕಲಿಯುವ ವೇಗ ಮಾತ್ರ ಹೆಚ್ಚಲಿಲ್ಲ. ಅವರಾರೂ ವ್ಯಸನಿಗಳಲ್ಲ ಎಂಬುದನ್ನು ಮರೆಯಬಾರದು.

ಮೆಥಾಂಫೆಟಮೈನ್ ಮಿದುಳಿನಲ್ಲಿ ಡೋಪಮೈನನ್ನು ಮಿತಿಮೀರಿ ಹರಿಯಗೊಟ್ಟು ನರತುದಿಗಳನ್ನು ಘಾಸಿಗೊಳಿಸುತ್ತದೆ. ಅರಿಶಿನದ ಕರ್ಕ್ಯುಮಿನ್ ಈ ಹಾನಿಯನ್ನು ತಗ್ಗಿಸೀತೆಂಬ ಆಸೆ ಇಲಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು; ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೂ ಅತ್ಯಲ್ಪ. ಗಿಡಮೂಲದ್ದೆಲ್ಲ ನಿರಪಾಯವೆಂಬ ನಂಬಿಕೆಯೂ ಸಲ್ಲದು. ಜಪಾನಿನ ನಾಗೈ ನಾಗಯೋಶಿ 1885ರಲ್ಲಿ ಎಫೆಡ್ರಾ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. 1893ರಲ್ಲಿ ಅದರಿಂದಲೇ ಮೆಥಾಂಫೆಟಮೈನ್ ತಯಾರಿಸಿದರು!

ನನಗೆ ಭರವಸೆ ಕೊಟ್ಟದ್ದು ಬೇರೊಂದು ಸಂಗತಿ. ಈ ಮಾದಕವಸ್ತುವನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ತೊರೆದವರ ಮಿದುಳಿನಲ್ಲಿ, ಕುಂದಿದ್ದ ಡೋಪಮೈನ್ ವಾಹಕಗಳು ಗಣನೀಯವಾಗಿ ಚೇತರಿಸಿಕೊಂಡದ್ದನ್ನು ನೋರಾ ವೋಲ್ಕೋವ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ನೆನಪಿನ ಶಕ್ತಿ ಅಷ್ಟೇ ಬೇಗ ಮರಳಲಿಲ್ಲ, ನಿಜ. ಆದರೂ ಮೊದಲ ಮದ್ದು ಬಿಡುವುದೇ.

ಆದ್ದರಿಂದ ಅವನಿಗೆ ಹೇಳಿದೆ: “ತಂಬುಳಿ ನಿಲ್ಲಿಸಬೇಡಪ್ಪ, ಅದು ತಾಯಿಯ ಅಕ್ಕರೆ. ಆದರೆ ಅದರ ಮರೆಯಲ್ಲಿ ಅವಿತುಕೊಳ್ಳಬೇಡ. ಮಗನನ್ನು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗು. ಕೊಡುತ್ತಿರುವ ರಸ, ಗುಳಿಗೆಗಳನ್ನೆಲ್ಲ ವೈದ್ಯರಿಗೆ ತಿಳಿಸು. ನಾಚಿಕೆಯೆನಿಸಿದರೆ ಮೊದಲು 14416ಕ್ಕೆ ಕರೆಮಾಡಿ ಮಾತನಾಡು.”

ನಾಚಿಕೆ ನನಗೂ ಇದೆ. ನಿದ್ದೆಗೆಟ್ಟು ಓದಿದವರನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ ಮೇಷ್ಟ್ರು ನಾನೇ ಅಲ್ಲವೇ? ನಿಮ್ಮ ಮಕ್ಕಳಿಗಾದರೂ ಹೊತ್ತಿಗೆ ಸರಿಯಾಗಿ ಮಲಗಲು ಹೇಳಿ.