ಉಪಸರ್ಗಗಳ ಸ್ಥಳಾಂತರ



ಹೊಸ ಮನೆಗೆ ಹೋಗುವ ಸಂಭ್ರಮದಲ್ಲಿ ಹಳೆಯ ಮನೆಯ ಅಟ್ಟವನ್ನು ಹತ್ತಿ ನೋಡದೆ ಬೀಗದ ಕೈಯನ್ನು ಯಜಮಾನನಿಗೆ ಒಪ್ಪಿಸಿಬಿಟ್ಟವರ ಪಾಡು ಏನಾಗುವುದೆಂಬುದನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಹಬ್ಬದ ದಿನ ಒಲೆಯ ಮೇಲೆ ಎಣ್ಣೆ ಕಾದಿರುವಾಗಲೇ ಚಕ್ಕುಲಿಯ ಒರಳು ಹಿಂದುಳಿದ ಸಂಗತಿ ನೆನಪಾಗುವುದು. ಅಂಥದೇ ಒಂದು ಪ್ರಸಂಗವು ಈಚೆಗೆ ನಮ್ಮ ಶಿಡ್ಲಘಟ್ಟದಲ್ಲಿ ಗಣಕಯಂತ್ರವೊಂದರ ಒಳಗೆ ನಡೆಯಿತು. ಈಗ ಎಷ್ಟೋ ಮನೆಗಳಲ್ಲಿ ಛಾಯಾಚಿತ್ರಗಳನ್ನು ಗಣಕದಲ್ಲಿಯೇ ತಿದ್ದುವ ರೂಢಿಯಿರುವುದರಿಂದ, ಅದನ್ನು ಬರೆದರೆ ನಾಲ್ವರಿಗೆ ಪ್ರಯೋಜನವಾದೀತೆಂದು ನಂಬಿದ್ದೇನೆ.

ನನ್ನ ಹಳೆಯ ಶಿಷ್ಯನೊಬ್ಬನು ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವನು. ಮದುವೆ ಮುಂಜಿಗಳ ಆಲ್ಬಮ್ಮುಗಳು ಅವನ ಜೀವನೋಪಾಯ. ಹಾಳಾದ ಹಳೆಯ ಪಟಗಳ ಜೀರ್ಣೋದ್ಧಾರವು ಅವನ ಪ್ರೀತಿಯ ಕೆಲಸ. ಒಂದು ಸೋಮವಾರ ಅವನಲ್ಲಿಗೆ ವೃದ್ಧೆಯೊಬ್ಬರು ಬಂದರು. ಅವರ ಯಜಮಾನರು ಜೀವಮಾನವೆಲ್ಲ ಬಿಸಿನೀರಿನ ಬಾಂಡಲಿಯ ಮುಂದೆ ಕುಳಿತು ರೇಷ್ಮೆಗೂಡುಗಳಿಂದ ನೂಲು ಬಿಚ್ಚಿದವರು. ತೀರಿಹೋದವರ ಗುರುತಾಗಿ ಉಳಿದಿದ್ದುದು ಒಂದೇ ಪಟ. ಅದಕ್ಕೂ ಮಳೆಯ ನೀರು ಇಳಿದು, ಮುಖದ ಮೇಲೆಲ್ಲ ಬೂಷ್ಟು ಹಿಡಿದು ಚುಕ್ಕೆಗಳೆದ್ದಿದ್ದವು. “ಶುಕ್ರವಾರ ತಿಥಿ ಕಣಪ್ಪ. ಅಷ್ಟರೊಳಗೆ ಮುಖ ಒಂದು ತಿಳಿಯಾಗಿ ಕಾಣೋ ಹಾಗೆ ಮಾಡಿಕೊಡು” ಎಂದು ಹೇಳಿ ಆಕೆ ಪಟವನ್ನು ಕೊಟ್ಟುಹೋದರು.

ಶಿಷ್ಯನು ಬಹುಕಾಲದಿಂದ ಚಿತ್ರಗಳನ್ನು ತಿದ್ದುವ ಹಳೆಯ ತಂತ್ರಾಂಶವೊಂದನ್ನು ಬಳಸುತ್ತಿದ್ದನು. ಅದರ ಸಂಗಡ, ಬೇರೊಬ್ಬರು ರಚಿಸಿದ ಸಣ್ಣ ಪ್ಲಗಿನ್ ಒಂದನ್ನು ಜೋಡಿಸಿಕೊಂಡಿದ್ದನು. ಚುಕ್ಕೆ ಕಲೆಗಳನ್ನು ಅಳಿಸಿಯೂ ಮುಖದ ಗೆರೆಗಳನ್ನು ಉಳಿಸುವುದರಲ್ಲಿ ಅದು ಅವನ ಬಲಗೈಯಾಗಿತ್ತು. ಅದೇ ವಾರ ಅವನು ತಂತ್ರಾಂಶದ ಹೊಸ ಆವೃತ್ತಿಯನ್ನು ಸ್ಥಾಪಿಸಿ, ಡಿಸ್ಕಿನಲ್ಲಿ ಸ್ಥಳವುಳಿಯಲೆಂದು ಹಳೆಯದನ್ನು ತೆಗೆದುಹಾಕಿ, ಮಿಕ್ಕಿದ್ದ ಫೋಲ್ಡರನ್ನೂ ಕಸವೆಂದು ಬಗೆದು ಅಳಿಸಿಬಿಟ್ಟನು. ಗುರುವಾರ ಬೆಳಿಗ್ಗೆ ವೃದ್ಧೆಯ ಪಟವನ್ನು ತೆರೆದು ನೋಡಲಾಗಿ, ಫಿಲ್ಟರ್ ಎಂಬ ಪಟ್ಟಿಯಲ್ಲಿ ಆ ಪ್ಲಗಿನ್ನಿನ ಹೆಸರೇ ಇಲ್ಲ! ಅದನ್ನು ರಚಿಸಿದವರು ಎಂದೋ ಅಂಗಡಿ ಮುಚ್ಚಿದ್ದರು. ಮರಳಿ ತರಿಸುವಂತೆಯೂ ಇರಲಿಲ್ಲ. ನಿವೃತ್ತನಾದ ಮೇಲೆ ನಾನು ಹಳೆಯ ಪಟಗಳನ್ನೂ ಓಲೆಗರಿಗಳನ್ನೂ ಗಣಕಕ್ಕೆ ಏರಿಸುವ ಹವ್ಯಾಸವಿಟ್ಟುಕೊಂಡಿರುವುದನ್ನು ಬಲ್ಲವನಾದುದರಿಂದ ಅವನು ನಮ್ಮ ಮನೆಗೆ ಓಡಿಬಂದು, “ಮೇಷ್ಟ್ರೇ, ಹೊಸದು ಬಂತು ಅನ್ನೋ ಆತುರದಲ್ಲಿ ಕೈಯಾರೆ ಕೆಡಿಸಿಕೊಂಡೆ” ಎಂದು ತಲೆಯ ಮೇಲೆ ಕೈಹೊತ್ತು ಕುಳಿತನು.

ಪ್ಲಗಿನ್ ಎಂದರೇನೆಂದು ಕೇಳುವವರಿಗೆ ನಾನು ವ್ಯಾಕರಣದಿಂದಲೇ ಉತ್ತರ ಹೇಳುವೆನು. ‘ಹೃ’ ಎಂಬ ಧಾತುವಿನಿಂದಾದ ‘ಹಾರ’ ಎಂಬ ಶಬ್ದಕ್ಕೆ ‘ಪ್ರ’ ಸೇರಿದರೆ ಪ್ರಹಾರ, ‘ವಿ’ ಸೇರಿದರೆ ವಿಹಾರ, ‘ಪರಿ’ ಸೇರಿದರೆ ಪರಿಹಾರ. ಪೆಟ್ಟು, ಸಂಚಾರ, ನಿವಾರಣೆ ಎಂದು ಅರ್ಥವೇ ಬೇರೆ ಬೇರೆಯಾಗುವುದು. ಆದರೆ ‘ಪ್ರ’, ‘ಪರಿ’ ಎಂಬ ಉಪಸರ್ಗಗಳು ತಾವಾಗಿ ನಿಲ್ಲಲಾರವು. ಪ್ಲಗಿನ್ನೂ ಹಾಗೆಯೇ. ಮೂಲ ತಂತ್ರಾಂಶವೇ ಧಾತು. ಅದನ್ನು ಆಶ್ರಯಿಸಿ ಹೊಸ ಶಕ್ತಿಯನ್ನು ಕೊಡುವುದೇ ಪ್ಲಗಿನ್.

ಈ ಬಗೆಯ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಣ್ಣತಮ್ಮಂದಿರು ರಚಿಸಿ, ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದ ಫೋಟೋಶಾಪ್. ಅನ್ಯರು ರಚಿಸಿದ ಪ್ಲಗಿನ್ನುಗಳಿಗೂ ಅದರಲ್ಲಿ ಎಡೆಯುಂಟು. ಆದರೆ ಪ್ರತಿಯೊಂದು ಪ್ರಧಾನ ಆವೃತ್ತಿಯೂ ತನಗೆಂದು ಬೇರೆ ಫೋಲ್ಡರನ್ನು ಮಾಡಿಕೊಳ್ಳುವುದು. ಆದಕಾರಣ ಹಳೆಯದರೊಳಗೆ ನಾವು ಸೇರಿಸಿದ್ದ ಪರಕೀಯ ವಸ್ತುಗಳು ಹೊಸದಕ್ಕೆ ತಾವಾಗಿ ನಡೆದುಬಾರವು.

ಕಥೆಗೆ ಮರಳೋಣ. ಶಿಷ್ಯನ ಮನೆಯ ಅಟ್ಟದಲ್ಲಿ ಅವನ ಮೊದಲನೆಯ ಗಣಕವು ಧೂಳು ಹಿಡಿದು ಬಿದ್ದಿತ್ತು. ಇಬ್ಬರೂ ಸೇರಿ ಅದನ್ನು ಕೆಳಗಿಳಿಸಿ ಒರಸಿ ನೋಡಲು, ಪುಣ್ಯವಶಾತ್ ಜೀವವಿತ್ತು; ಹಳೆಯ ತಂತ್ರಾಂಶವೂ ಪ್ಲಗಿನ್ನೂ ಅದರಲ್ಲಿದ್ದವು. ಪ್ಲಗಿನ್ನಿನ ಫೈಲನ್ನು ಪೆನ್ ಡ್ರೈವಿನಲ್ಲಿ ತಂದು, ಹೊಸ ಆವೃತ್ತಿಯ ಪ್ಲಗಿನ್ ಫೋಲ್ಡರಿನಲ್ಲಿಟ್ಟು, ತಂತ್ರಾಂಶವನ್ನು ಮುಚ್ಚಿ ತೆರೆದೆವು. ಆದರೂ ಅದು ಪಟ್ಟಿಯಲ್ಲಿ ಕಾಣಲಿಲ್ಲ.

ಕಾರಣವು ಸರಳವಾದುದು. ಹಳೆಯ ಮಿಕ್ಸಿಯ ಜಾರು ಹೊಸ ಮಿಕ್ಸಿಯ ಮೇಲೆ ಕೂರದಿರುವಂತೆ, 32 ಬಿಟ್ಟಿನ ಪ್ಲಗಿನ್ನು 64 ಬಿಟ್ಟಿನ ತಂತ್ರಾಂಶಕ್ಕೆ ಹೊಂದದು. ಫೋಟೋಶಾಪಿನಲ್ಲಿ 64 ಬಿಟ್ಟಿನ ರೂಪವು ವಿಂಡೋಸ್ ಗಣಕಗಳಿಗೆ 2008ರಲ್ಲಿಯೂ ಮ್ಯಾಕ್ ಗಣಕಗಳಿಗೆ 2010ರಲ್ಲಿಯೂ ಬಂದಿತು. 2018ರ ಅಕ್ಟೋಬರಿನ ಆವೃತ್ತಿಯಿಂದ ವಿಂಡೋಸಿನಲ್ಲಿ 32 ಬಿಟ್ಟಿನದು ನಿಂತೇಹೋಯಿತು. ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿಯೂ 2025ರ ಮಾರ್ಚಿಯಲ್ಲಿ 3.0 ಆವೃತ್ತಿಯು ಬಂದಾಗ ಇದೇ ಬಗೆಯ ತೊಡಕು. ಅದರ ಒಳಗಿನ ನಿಯಮಗಳು ಬದಲಾದುದರಿಂದ, 2.10ಕ್ಕಾಗಿ ಬರೆದ ಪ್ಲಗಿನ್ನುಗಳನ್ನು ರಚಿಸಿದವರೇ ಮತ್ತೆ ತಿದ್ದಿಕೊಡಬೇಕಾಯಿತು. ಧಾತು ಬದಲಾದ ಮೇಲೆ ಉಪಸರ್ಗವು ಹೊಂದುವುದೋ ಇಲ್ಲವೋ ಎಂದು ನೋಡಲೇಬೇಕಷ್ಟೆ!

ಹೊಸದರಲ್ಲಿ ಆಗದ ಕೆಲಸವನ್ನು ಹಳೆಯದರಲ್ಲಿಯೇ ಮಾಡಬೇಕೆಂದು ನಿಶ್ಚಯಿಸಿ, ಪಟವನ್ನು ಟಿಫ್ ರೂಪದಲ್ಲಿ ಹಳೆಯ ಗಣಕಕ್ಕೆ ಒಯ್ದೆವು. ದೀಪ ಹಚ್ಚುವ ಹೊತ್ತಿಗೆ ಬೂಷ್ಟಿನ ತೆರೆ ಸರಿದು, ಮೀಸೆಯ ಮರೆಯಲ್ಲಿ ನಗುತ್ತಿರುವ ಗೃಹಸ್ಥರೊಬ್ಬರು ಕಾಣಿಸಿಕೊಂಡರು.

ಅದೃಷ್ಟವನ್ನು ನೆಚ್ಚಿ ಕೂರುವುದು ವಿವೇಕವಲ್ಲ. ಆದುದರಿಂದ ಓದುಗರು ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು.

ಮೊದಲನೆಯದಾಗಿ, ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿ ಸ್ಥಾಪಿಸಿರಿ. ಕೆಲವು ವಾರಗಳ ಪರೀಕ್ಷೆಯಾಗುವವರೆಗೆ ಹಳೆಯದನ್ನು ತೆಗೆಯಬೇಡಿರಿ. ಸ್ಥಾಪಿಸುವಾಗ ‘ಹಿಂದಿನ ಆವೃತ್ತಿಯನ್ನು ತೆಗೆದುಹಾಕು’ ಎಂಬ ಸೂಚನೆಗೆ ಗುರುತು ಬಿದ್ದಿದ್ದರೆ ಅದನ್ನು ತೆಗೆಯಿರಿ.

ಎರಡನೆಯದಾಗಿ, ಹಳೆಯದರ ಫಿಲ್ಟರ್ ಪಟ್ಟಿಯನ್ನು ತೆರೆದು, ನೀವು ಸೇರಿಸಿಕೊಂಡ ಪ್ರತಿಯೊಂದರ ಹೆಸರು, ರಚಿಸಿದವರು, ಆವೃತ್ತಿ, ಪರವಾನಗಿಯ ಸಂಖ್ಯೆ ಇವನ್ನು ಪುಸ್ತಕವೊಂದರಲ್ಲಿ ಬರೆದಿಡಿರಿ. ಬ್ರಷ್, ಆ್ಯಕ್ಷನ್ ಮೊದಲಾದುವನ್ನು ಫೋಟೋಶಾಪಿನ ಎಡಿಟ್ ಪಟ್ಟಿಯಲ್ಲಿರುವ ‘ಮೈಗ್ರೇಟ್ ಪ್ರಿಸೆಟ್ಸ್’ ಎಂಬುದರಿಂದ ತರಬಹುದು. ಪ್ಲಗಿನ್ನುಗಳು ಅದರಿಂದ ಬಾರವು.

ಮೂರನೆಯದಾಗಿ, ಹಳೆಯ ಪ್ಲಗಿನ್ ಫೋಲ್ಡರನ್ನು ಇಡಿಯಾಗಿ ಎತ್ತಿ ಹೊಸದರ ಮೇಲೆ ಸುರಿಯಬೇಡಿರಿ. ಅದರಲ್ಲಿ ಹಳೆಯ ತಂತ್ರಾಂಶದ ಸ್ವಂತ ಫೈಲುಗಳೂ ಇರುವುದರಿಂದ ಹೊಸದು ಕೆಟ್ಟೀತು. ವಿಂಡೋಸಿನಲ್ಲಿ ‘8ಬಿಎಫ್’ ಎಂದು ಕೊನೆಗೊಳ್ಳುವ ಒಂಟಿ ಫೈಲಿನ ಪ್ಲಗಿನ್ನನ್ನು ನಕಲು ಮಾಡಿ ನೋಡಬಹುದು. ಆದರೆ ತನ್ನದೇ ಇನ್‌ಸ್ಟಾಲರ್ ಉಳ್ಳದ್ದನ್ನು ಅದರಿಂದಲೇ ಹೊಸದಾಗಿ ಸ್ಥಾಪಿಸುವುದು ಲೇಸು. ಅದರ ಪರವಾನಗಿಯೂ ಸಹಾಯಕ ಫೈಲುಗಳೂ ಬೇರೆಡೆಗಳಲ್ಲಿ ಹಂಚಿಹೋಗಿರುತ್ತವೆ.

ನಾಲ್ಕನೆಯದಾಗಿ, ಇನ್‌ಸ್ಟಾಲರುಗಳನ್ನೆಲ್ಲ ಬೇರೊಂದು ಡಿಸ್ಕಿನಲ್ಲಿ ಕಾಪಾಡಿರಿ. ರಚಿಸಿದವರು ಎಂದೆಂದಿಗೂ ಇರುವರೆಂದು ನೆಚ್ಚುವಂತಿಲ್ಲ. ನಿಕ್ ಕಲೆಕ್ಷನ್ ಎಂಬ ಹೆಸರಾಂತ ಪ್ಲಗಿನ್ ಸಮೂಹವನ್ನೇ ನೋಡಿರಿ. ಅದರ ಸಂಸ್ಥೆಯನ್ನು 2012ರಲ್ಲಿ ಗೂಗಲ್ ಕೊಂಡುಕೊಂಡಿತು. 2016ರಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿತು. 2017ರಲ್ಲಿ ಅದು ಡಿಎಕ್ಸ್ಒ ಎಂಬ ಫ್ರೆಂಚ್ ಸಂಸ್ಥೆಯ ಪಾಲಾಯಿತು. ಸಾಕುವವರು ಸಿಕ್ಕಿದುದರಿಂದ ಅದು ಬದುಕಿತು. ಎಲ್ಲಕ್ಕೂ ಆ ಭಾಗ್ಯವಿರದು.

ಶುಕ್ರವಾರ ಬೆಳಿಗ್ಗೆ ವೃದ್ಧೆಯು ಬಂದಾಗ ನಾನೂ ಅಂಗಡಿಯಲ್ಲಿದ್ದೆನು. ಆಕೆ ಪಟವನ್ನು ಕೈಗೆ ತೆಗೆದುಕೊಂಡು, ಸೆರಗಿನಿಂದ ಗಾಜನ್ನು ಒರಸಿ, ಯಜಮಾನರ ಎಡಹುಬ್ಬಿನ ಮೇಲೆ ಬೆರಳಿಟ್ಟರು. ಅಲ್ಲೊಂದು ಸಣ್ಣ ಗುರುತಿತ್ತು. “ಕುದಿನೀರು ಸಿಡಿದ ಗಾಯ ಇದು. ಇದನ್ನ ಎಲ್ಲಿ ಅಳಿಸಿಬಿಡ್ತೀಯೋ ಅಂತ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ ಕಣಪ್ಪ” ಎಂದರು. ಶಿಷ್ಯನು ಮಾತಾಡಲಿಲ್ಲ, ಹಿಂದಿನ ಸಂಜೆ ಅದನ್ನೂ ಒಂದು ಚುಕ್ಕೆಯೆಂದೇ ಎಣಿಸಿ ಅಳಿಸಲು ಹೊರಟು, ಏಕೋ ಶಂಕಿಸಿ ಕೈ ತಡೆದಿದ್ದನು.

ಯಾವುದು ಕಸ, ಯಾವುದು ಗುರುತು ಎಂಬುದು ಅಳಿಸುವವನಿಗೆ ಒಂದೇ ನೋಟಕ್ಕೆ ತಿಳಿಯದು. ಹೊಸದನ್ನು ಸ್ವಾಗತಿಸೋಣ, ಅದು ಬೇಕಾದುದೇ. ಆದರೆ ಅಳಿಸುವ ಮುನ್ನ ಒಂದು ದಿನ ತಡೆಯೋಣ.