ತೆರೆಮರೆಯ ಬೆನಗಲ್ ನರಸಿಂಗ ರಾವ್

ಸಂವಿಧಾನ ಎಂದೊಡನೆ ಡಾ. ಅಂಬೇಡ್ಕರ್ ನೆನಪಾಗುತ್ತಾರೆ. ಅವರ ಕರಡು ಸಮಿತಿಯ ಮುಂದೆ ಚರ್ಚೆಗೆ ಬಂದ ಮೊದಲ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿಕೊಟ್ಟವರು ಮಾತ್ರ ಬಿ.ಎನ್. ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಐ.ಸಿ.ಎಸ್. ಅಧಿಕಾರಿ ಸಂವಿಧಾನ ಸಭೆಯ ಸದಸ್ಯರಲ್ಲ, ಸಲಹೆಗಾರರು, ಅದೂ ಸಂಬಳವಿಲ್ಲದೆ! ಕೀರ್ತಿಯಲ್ಲಿ ರಾವ್ ಅವರಿಗೂ ಪಾಲಿದೆ ಎಂದು 1949ರ ನವೆಂಬರ್ 25ರಂದು ಸ್ವತಃ ಅಂಬೇಡ್ಕರರೇ ಸಭೆಯಲ್ಲಿ ಹೇಳಿದರು.

ಕರಡು ಮುಗಿದ ಮೇಲೆ ರಾವ್ ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಅಲ್ಲಿನ ಅನುಭವ ಕೇಳಿದರು. ಅಮೆರಿಕದ ಸಂವಿಧಾನದಂತೆ ನಮ್ಮಲ್ಲೂ, ವ್ಯಕ್ತಿಯ ಸ್ವಾತಂತ್ರ್ಯ ಕಸಿಯುವ ಕ್ರಮ ನ್ಯಾಯಸಮ್ಮತವಾಗಿರಬೇಕು ಎಂಬ ಮಾತು ಸೇರುವುದಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಂತಾದೀತು. ರಾವ್ ಒಪ್ಪಿದರು, ಸಮಿತಿಯೂ ಒಪ್ಪಿತು. ಕಾನೂನು ಗೊತ್ತುಮಾಡಿದ ವಿಧಾನ ಪಾಲಿಸಿದರೆ ಸಾಕು ಎಂದು 21ನೇ ವಿಧಿ ರೂಪುಗೊಂಡಿತು.

ಬೆಲೆ ಸಣ್ಣದಲ್ಲ. ವಿಚಾರಣೆಯಿಲ್ಲದೆ ಬಂಧಿತರಾಗಿದ್ದ ಎ.ಕೆ. ಗೋಪಾಲನ್ ಅವರ ವಾದವನ್ನು ಸುಪ್ರೀಂ ಕೋರ್ಟ್ 1950ರಲ್ಲಿ ಈ ಮಾತುಗಳ ಆಧಾರದ ಮೇಲೆಯೇ ತಳ್ಳಿಹಾಕಿತು. ಕಾನೂನಿನ ವಿಧಾನವೂ ನ್ಯಾಯಯುತವಾಗಿರಬೇಕೆಂದು ಕೋರ್ಟ್ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ. ರಾವ್ ಅದನ್ನು ನೋಡಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗ, 1953ರಲ್ಲೇ ಅವರು ತೀರಿಕೊಂಡಿದ್ದರು.