ಭುಜ ಜಾರಿದ ಬೌಲರ್‌ನನ್ನು ಉಳಿಸಿಕೊಳ್ಳಬೇಕೇ, ಹರಾಜಿಗೆ ಬಿಡಬೇಕೇ?

ಮೊನ್ನೆ ರಾತ್ರಿ ಊಟ ಮುಗಿಸಿ ಪೇಪರ್‌ಗೆ ಸುದ್ದಿ ಕಳಿಸುತ್ತಾ ಕೂತಿದ್ದಾಗ ಫೋನ್ ಬಂತು. ನಮ್ಮ ತಾಲ್ಲೂಕಿನ ಟೆನಿಸ್ ಬಾಲ್ ಲೀಗ್‌ನ ಒಂದು ತಂಡದ ಮಾಲೀಕರು. ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ನಮಗಿಂತ ಹತ್ತು ವರ್ಷ ದೊಡ್ಡವರು.

"ಮುಂದಿನ ಭಾನುವಾರ ಹರಾಜು ಕಣಪ್ಪ. ಗುರುವಾರದೊಳಗೆ ರಿಟೇನ್ ಲಿಸ್ಟ್ ಕೊಡ್ಬೇಕು. ನಮ್ಮ ಎಡಗೈ ಹುಡುಗನ್ನ ಇಟ್ಕೊಳ್ಳಾ, ಬಿಡ್ಲಾ? ಸ್ಕೋರ್ ಬುಕ್ ನಿನ್ ಹತ್ರಾನೇ ಇರೋದಲ್ವಾ, ನೋಡಿ ಹೇಳು."

ನಮ್ಮ ಲೀಗ್ ಹೇಗೆ ನಡೆಯುತ್ತದೆ ಎಂದು ಬಹಳಷ್ಟು ಓದುಗರಿಗೆ ಹೇಳಬೇಕಾಗಿಲ್ಲ. ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಎಂಟು ತಂಡ, ಒಂದೊಂದಕ್ಕೆ 10,000 ಪಾಯಿಂಟ್, 12 ಆಟಗಾರರು. ಹಿಂದಿನ ವರ್ಷದ ಇಬ್ಬರನ್ನು ಅದೇ ಬೆಲೆಗೆ ಉಳಿಸಿಕೊಳ್ಳಬಹುದು. ಮಿಕ್ಕವರೆಲ್ಲ ಸಮುದಾಯ ಭವನದಲ್ಲಿ ಮೈಕ್ ಮುಂದೆ ಹರಾಜಿಗೆ.

ಆ ಎಡಗೈ ಹುಡುಗ ಕಳೆದ ಸಲ 1,500 ಪಾಯಿಂಟ್‌ಗೆ ಹೋಗಿದ್ದ. ಲೀಗ್‌ನ 7 ಪಂದ್ಯಗಳಲ್ಲಿ 6 ಆಡಿ 14 ವಿಕೆಟ್ ತೆಗೆದ. ಆರನೆಯದರಲ್ಲಿ ಭುಜ ಜಾರಿತು. ಏಳನೆಯದು ಬಿಟ್ಟ. ಸೆಮಿಫೈನಲ್‌ಗೆ ಭುಜಕ್ಕೆ ಬಟ್ಟೆ ಬಿಗಿದುಕೊಂಡು ಬಂದ. ಎರಡು ಓವರ್ ಹಾಕುವಷ್ಟರಲ್ಲಿ ಮತ್ತೆ ಜಾರಿತು.

ಉಳಿಸಿಕೊಳ್ಳಬೇಕೇ, ಬಿಡಬೇಕೇ? ನಮಗೂ ತಟ್ಟನೆ ಹೇಳಲಾಗಲಿಲ್ಲ. ಬೆಳಿಗ್ಗೆ ಹೇಳುತ್ತೇವೆ ಅಣ್ಣ ಎಂದು ಫೋನ್ ಇಟ್ಟೆವು.

ಈ ಪ್ರಶ್ನೆ ಹಳೆಯದು, ಅದರ ಲೆಕ್ಕವೂ ಹಳೆಯದು. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಮತ್ತು ಗೆಳೆಯರು ಸೇರಿ ಒಂದು ಆಟ ಶುರುಮಾಡಿದರು. ಅವರು ಊಟಕ್ಕೆ ಸೇರುತ್ತಿದ್ದ ಹೋಟೆಲಿನ ಹೆಸರನ್ನೇ ಆಟಕ್ಕಿಟ್ಟು ಅದನ್ನು ರೊಟಿಸರಿ ಲೀಗ್ ಎಂದು ಕರೆದರು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ ಇದ್ದ ಹಾಗೆ. ಅಲ್ಲೂ ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಈ ಗೆಳೆಯರು ನಿಜವಾದ ವೃತ್ತಿಪರ ಆಟಗಾರರ ಹೆಸರುಗಳನ್ನು ತಮ್ಮೊಳಗೇ ಹರಾಜು ಹಾಕಿಕೊಂಡರು. ಮೈದಾನದಲ್ಲಿ ಆ ಆಟಗಾರ ಏನು ಮಾಡಿದನೋ ಅದೇ ಇವರ ಕಾಗದದ ತಂಡಕ್ಕೆ ಅಂಕ. ಇವತ್ತು ಮೊಬೈಲಿನಲ್ಲಿ ಕಾಣುವ ಫ್ಯಾಂಟಸಿ ಕ್ರಿಕೆಟ್ಟಿನ ಬೇರು ಅಲ್ಲಿದೆ.

ಆ ಹರಾಜಿನ ಆಟದಲ್ಲಿ ಈಗಲೂ ಸಾಮಾನ್ಯವಾಗಿ ಒಂದು ತಂಡಕ್ಕೆ 260 ಡಾಲರ್, 23 ಆಟಗಾರರು. ಕೆಲವು ಲೀಗ್‌ಗಳಲ್ಲಿ ಹಿಂದಿನ ವರ್ಷದ ಬೆಲೆಗೇ ಕೆಲವರನ್ನು ಉಳಿಸಿಕೊಳ್ಳಬಹುದು. ಥೇಟ್ ನಮ್ಮ ರಿಟೇನ್ ಲಿಸ್ಟ್. ಗಾಯಾಳು ಪಿಚರ್‌ನನ್ನು ಇಟ್ಟುಕೊಳ್ಳಬೇಕೇ ಎಂದು ಅಲ್ಲಿನವರು ನಲವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಅವರು ಕಂಡುಕೊಂಡ ಮೊದಲ ಪಾಠ ಇಷ್ಟೇ: ಆಟಗಾರ ಒಳ್ಳೆಯವನೇ ಎಂದು ಕೇಳಬೇಡಿ, ಈ ಬೆಲೆಗೆ ಒಳ್ಳೆಯವನೇ ಎಂದು ಕೇಳಿ.

ನಮ್ಮ ಹುಡುಗನಿಗೆ ಇದನ್ನು ಹಚ್ಚಿ ನೋಡಿದೆವು. ಭುಜ ಗಟ್ಟಿಯಿದ್ದರೆ ಅವನು ಸುಮಾರು 2,500 ಪಾಯಿಂಟ್ ಬಾಳುತ್ತಾನೆ. ಆದರೆ ಹತ್ತರಲ್ಲಿ ಆರು ಪಾಲು ಪಂದ್ಯ ಮಾತ್ರ ಆಡಬಲ್ಲ ಎಂದುಕೊಳ್ಳಿ. ಆಗ ಅವನ ನಿಜ ಬೆಲೆ 1,500. ಉಳಿಸಿಕೊಳ್ಳುವ ಬೆಲೆಯೂ 1,500. ಲಾಭವಿಲ್ಲ, ನಷ್ಟವಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ತಪ್ಪುತ್ತದೆ. ಎರಡನೆಯ ಪಾಠವೊಂದಿದೆ. ಎಂಟೂ ತಂಡಗಳು ಇಬ್ಬಿಬ್ಬರನ್ನು ಉಳಿಸಿಕೊಳ್ಳುತ್ತವೆ. ಉಳಿಸಿಕೊಳ್ಳುವುದು ಯಾರನ್ನು? ಅಗ್ಗಕ್ಕೆ ಸಿಕ್ಕ ಒಳ್ಳೆಯವರನ್ನು. ಒಂದೊಂದು ತಂಡ 4,000 ಬಾಳುವ ಇಬ್ಬರನ್ನು 2,000ಕ್ಕೆ ಉಳಿಸಿಕೊಂಡಿತು ಎನ್ನಿ. ಆಗ ಎಂಟು ತಂಡಗಳ ಒಟ್ಟು 80,000 ಪಾಯಿಂಟ್‌ನಲ್ಲಿ 16,000 ಖರ್ಚಾಗಿ 64,000 ಕೈಯಲ್ಲಿ ಉಳಿಯುತ್ತದೆ. ಆದರೆ ಹರಾಜಿನ ಪಟ್ಟಿಯಲ್ಲಿ ಉಳಿದ ಆಟಗಾರರೆಲ್ಲ ಸೇರಿ ಬಾಳುವುದು 48,000 ಮಾತ್ರ. ದುಡ್ಡು ಹೆಚ್ಚು, ಮಾಲು ಕಡಿಮೆ. ಸಂತೆಯಲ್ಲಿ ಟೊಮೆಟೊ ಕಡಿಮೆ ಬಂದ ದಿನ ಏನಾಗುತ್ತದೋ ಅದೇ ಆಗುತ್ತದೆ. 1,500 ಬಾಳುವವನಿಗೆ 2,000 ಕೊಡಬೇಕಾಗುತ್ತದೆ. ಅಂದರೆ ಅರೆಬರೆ ಭುಜದ ಈ ಹುಡುಗನನ್ನು 1,500ಕ್ಕೆ ಇಟ್ಟುಕೊಳ್ಳುವುದೇ ಲಾಭ.

ಐಪಿಎಲ್‌ನಲ್ಲಿ ಇದಕ್ಕೆ ಕಣ್ಣ ಮುಂದಿನ ಉದಾಹರಣೆಗಳಿವೆ. ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದರು. ನಮ್ಮ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಆರ್‌ಸಿಬಿ ಅವರ ಬದಲಿಗೆ 20 ಲಕ್ಷಕ್ಕೆ ಪಾಟೀದಾರ್ ಅವರನ್ನು ಕರೆಸಿತು. ಆ ವರ್ಷದ ಎಲಿಮಿನೇಟರ್‌ನಲ್ಲಿ ಲಕ್ನೋ ವಿರುದ್ಧ 54 ಎಸೆತಕ್ಕೆ ಅಜೇಯ 112 ಹೊಡೆದರು. ಮರುವರ್ಷ ಹಿಮ್ಮಡಿ ಗಾಯದಿಂದ ಇಡೀ 2023ರ ಟೂರ್ನಿ ತಪ್ಪಿತು. ಆದರೂ ತಂಡ ಕೈಬಿಡಲಿಲ್ಲ. 2024ರಲ್ಲಿ 395 ರನ್ ಗಳಿಸಿದರು. 2025ಕ್ಕೆ 11 ಕೋಟಿ ಕೊಟ್ಟು ಉಳಿಸಿಕೊಂಡರು, ನಾಯಕನನ್ನೂ ಮಾಡಿದರು. ಆ ಜೂನ್ 3ರಂದು ಕಪ್ ಎತ್ತಿದ್ದು ಅವರೇ. ಗಾಯಾಳುವನ್ನು ಉಳಿಸಿಕೊಂಡದ್ದಕ್ಕೆ ಆಗ ತಂಡದ ಜೇಬಿಗೆ ಬಿದ್ದ ಹೊರೆ 20 ಲಕ್ಷ. ಕಳೆದುಕೊಂಡರೂ ನೋವಾಗದ ಮೊತ್ತ.

ಇನ್ನೊಂದು ಕಡೆ ಜೋಫ್ರಾ ಆರ್ಚರ್. ಮೊಣಕೈ ಗಾಯದಿಂದ ಆ ವರ್ಷ ಆಡುವುದಿಲ್ಲ ಎಂದು ಗೊತ್ತಿದ್ದೇ ಮುಂಬೈ ಇಂಡಿಯನ್ಸ್ 2022ರಲ್ಲಿ 8 ಕೋಟಿ ಕೊಟ್ಟಿತು. 2023ರಲ್ಲಿ ಅವರು ಆಡಿದ್ದು 5 ಪಂದ್ಯ, ತೆಗೆದದ್ದು 2 ವಿಕೆಟ್. ಆಮೇಲೆ ತಂಡ ಅವರನ್ನು ಬಿಟ್ಟಿತು. ಪಾಟೀದಾರ್ ಮೇಲಿನ ನಂಬಿಕೆಯೂ ಅಪಾಯದ್ದೇ, ಆರ್ಚರ್ ಮೇಲಿನದೂ ಅಪಾಯದ್ದೇ. ಬೆಲೆ ಮಾತ್ರ ಬೇರೆ.

ಬಿಟ್ಟು ಕೆಟ್ಟ ಉದಾಹರಣೆಯೂ ಇದೆ. ಜೋಶ್ ಹೇಜಲ್‌ವುಡ್ ಅವರನ್ನು ಆರ್‌ಸಿಬಿ 2022ರಲ್ಲಿ 7.75 ಕೋಟಿಗೆ ಕೊಂಡಿತ್ತು. 2023ರಲ್ಲಿ ಅವರಿಗೆ ಆಡಲಾದದ್ದು 3 ಪಂದ್ಯ ಮಾತ್ರ. ತಂಡ ಬಿಟ್ಟುಬಿಟ್ಟಿತು. ಒಂದು ವರ್ಷ ಕಳೆದು ಮುಂದಿನ ದೊಡ್ಡ ಹರಾಜಿನಲ್ಲಿ ಅವರನ್ನೇ ಮತ್ತೆ ತರಲು 12.5 ಕೋಟಿ ಕೊಡಬೇಕಾಯಿತು. 2025ರಲ್ಲಿ 12 ಪಂದ್ಯಕ್ಕೆ 22 ವಿಕೆಟ್ ತೆಗೆದರು ಎನ್ನುವುದು ಸಮಾಧಾನ. ಬಿಟ್ಟವನನ್ನು ಆಮೇಲೆ ಅಗ್ಗಕ್ಕೆ ಎತ್ತಿಕೊಳ್ಳೋಣ ಎಂದು ಲೆಕ್ಕ ಹಾಕುವ ಮಾಲೀಕರು ಇದನ್ನು ನೆನಪಿಡಬೇಕು.

ಹಾಗಾದರೆ ನಮ್ಮ ಅಂಗಡಿ ಅಣ್ಣನಿಗೆ ಉತ್ತರ ಸಿಕ್ಕಿತಲ್ಲ, ಇಟ್ಟುಕೊಳ್ಳಿ ಎಂದು ಬೆಳಿಗ್ಗೆ ಫೋನ್ ಮಾಡಿದರೆ ಮುಗಿಯಿತಲ್ಲ?

ಮಾಡಲಿಲ್ಲ. ಯಾಕೆಂದರೆ ಲೆಕ್ಕ ಹಾಕಲು ಹಳೆಯ ಸ್ಕೋರ್ ಬುಕ್ ತೆಗೆದಾಗ ಅದರೊಳಗೆ ಪೇಪರ್‌ನ ಒಂದು ತುಂಡು ಸಿಕ್ಕಿತು. ಕಳೆದ ವರ್ಷದ ಸೆಮಿಫೈನಲ್ ಬಗ್ಗೆ ನಾವೇ ಬರೆದ ಸುದ್ದಿ. "ಗಾಯ ಲೆಕ್ಕಿಸದೆ ಹೋರಾಡಿದ ವೇಗಿ" ಎಂದು ಹೆಡ್ಡಿಂಗ್. ಫೋಟೊದಲ್ಲಿ ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಓಡಿ ಬರುತ್ತಿರುವ ಆ ಹುಡುಗ. ಅವತ್ತು ಆ ಸುದ್ದಿಯನ್ನು ಊರೆಲ್ಲ ಸ್ಟೇಟಸ್‌ಗೆ ಹಾಕಿಕೊಂಡಿತ್ತು. ನಮಗೂ ಖುಷಿಯಾಗಿತ್ತು.

ಆ ಹುಡುಗ ಹೊಟ್ಟೆಪಾಡಿಗೆ ಗೂಡ್ಸ್ ಆಟೋ ಓಡಿಸುತ್ತಾನೆ. ತರಕಾರಿ ಕ್ರೇಟ್ ಹತ್ತಿಸುವುದು ಇಳಿಸುವುದು ಅವನದೇ ಕೆಲಸ. ಸೆಮಿಫೈನಲ್ ಆದ ಮೇಲೆ ಆರು ವಾರ ಎಡಗೈ ಎತ್ತಲಾಗಲಿಲ್ಲ. ಕ್ರೇಟ್ ಎತ್ತಲು ಇನ್ನೊಬ್ಬ ಹುಡುಗನಿಗೆ ದಿನಗೂಲಿ ಕೊಟ್ಟ. ಆಟೋದ ಕಂತು ಎರಡು ತಿಂಗಳು ತಪ್ಪಿತು. ಆ ಸುದ್ದಿಯನ್ನು ನಾವು ಬರೆಯಲಿಲ್ಲ. ತಂಡದವರು ಕೊಟ್ಟದ್ದು ಒಂದು ಶಾಲು, ಒಂದು ಟ್ರೋಫಿ.

ಅಮೆರಿಕದ ಆ ಕಾಗದದ ಆಟದಲ್ಲಿ ಬಹುಪಾಲು ಲೀಗ್‌ಗಳಲ್ಲಿ ಗಾಯಾಳುವಿಗೆಂದೇ ಒಂದು ಬೇರೆ ಜಾಗ ಇರುತ್ತದೆ. ಆಟಗಾರ ಗಾಯಗೊಂಡರೆ ಅವನ ಹೆಸರನ್ನು ಅಲ್ಲಿಟ್ಟು, ಬೇರೊಬ್ಬನನ್ನು ತಂಡಕ್ಕೆ ತಂದುಕೊಳ್ಳಬಹುದು. ವಾಸಿಯಾದ ಮೇಲೆ ಮರಳಿ ಸೇರಿಸಿಕೊಳ್ಳಬಹುದು. ಐಪಿಎಲ್‌ನಲ್ಲೂ ಗಾಯಾಳುವಿನ ಬದಲಿಗೆ ಇನ್ನೊಬ್ಬನನ್ನು ತರುವ ನಿಯಮ ಇದೆ. ಪಾಟೀದಾರ್ ಬಂದದ್ದೇ ಆ ಬಾಗಿಲಿಂದ. ಬರೀ ಹೆಸರಿನ ಮೇಲೆ ನಡೆಯುವ ಆಟದಲ್ಲೂ ನೋವಾದವನಿಗೆ ಕೂರಲು ಒಂದು ಜಾಗ ಇದೆ. ಬದುಕಿರುವ ಹುಡುಗರನ್ನು ಕಣಕ್ಕಿಳಿಸುವ ನಮ್ಮ ಲೀಗ್‌ನಲ್ಲಿ ಅದಿಲ್ಲ.

ಅದಿಲ್ಲದ್ದರಿಂದಲೇ ಕಳೆದ ವರ್ಷ ಹಾಗಾಯಿತು. 1,500 ಪಾಯಿಂಟ್ ಕೊಟ್ಟಾಗಿತ್ತು, ಬದಲಿ ತರುವಂತಿರಲಿಲ್ಲ. ಹೊರಗೆ ಕೂರಿಸಿದರೆ ಪಾಯಿಂಟ್ ದಂಡ. ಮಾಲೀಕರು ಬಲವಂತ ಮಾಡಲಿಲ್ಲ, ಅದು ನಿಜ. ಆದರೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತಮೂರು ವರ್ಷದ ಹುಡುಗ ಇಲ್ಲ ಅನ್ನುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ಆಟೋ ಸ್ಟ್ಯಾಂಡಿಗೆ ಹೋಗಿ ಅವನನ್ನೇ ಕೇಳಿದೆವು. "ನಿನ್ನನ್ನ ರಿಟೇನ್ ಮಾಡಬೇಕಾ ಬೇಡವಾ ಅಂತ ಕೇಳ್ತಿದ್ದಾರೆ. ನೀನೇನಂತೀಯ?"

ಅವನು ನಕ್ಕ. "ಆಡ್ಬೇಕು ಅಂತ ಆಸೆ ಇದೆ ಅಣ್ಣ. ಆದ್ರೆ ಬೆಳಿಗ್ಗೆ ಕ್ರೇಟ್ ಎತ್ತೋವಾಗ ಒಂದೊಂದ್ಸಲ ಭುಜ ಕಟಕ್ ಅನ್ನುತ್ತೆ. ಇದನ್ನ ಅಣ್ಣೋರ್ ಹತ್ರ ಹೇಳಿದ್ರೆ ಬಿಟ್ಬಿಡ್ತಾರೆ ಅಂತ ಭಯ."

ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಾಧ್ಯತೆ ಹೆಚ್ಚು ಎನ್ನುವುದು ಮೂಳೆ ವೈದ್ಯರು ಹೇಳುವ ಮಾತು. ಇವನದು ಆಗಲೇ ಎರಡು ಸಲ ಜಾರಿದೆ. ನಾವು ಹಾಕಿದ್ದ ಹತ್ತರಲ್ಲಿ ಆರು ಎಂಬ ಅಂದಾಜು ಆ ಒಂದು ಮಾತಿಗೆ ಕುಸಿಯಿತು. ಎಷ್ಟೇ ಚೆನ್ನಾಗಿ ಗುಣಿಸಿ ಭಾಗಿಸಿದರೂ, ಹುಡುಗ ಹೆದರಿ ನೋವು ಮುಚ್ಚಿಟ್ಟರೆ ಲೆಕ್ಕದ ಮೊದಲ ಸಂಖ್ಯೆಯೇ ಸುಳ್ಳು.

ಹಾಗಾಗಿ ನಮ್ಮ ಅಭಿಪ್ರಾಯ ಇದು. ಅಪಾಯವಿರುವ ಆಟಗಾರನನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಅಗ್ಗದ ಬೆಲೆಗೆ ಸಿಗುವುದಾದರೆ ಅದು ಜಾಣತನವೇ. ಆದರೆ ಊರ ಲೀಗ್‌ನಲ್ಲಿ ಉಳಿಸಿಕೊಳ್ಳುವುದು ಎಂದರೆ ಅವನ ಓವರ್‌ಗಳ ಜೊತೆಗೆ ಅವನ ಭುಜವನ್ನೂ ವಹಿಸಿಕೊಂಡ ಹಾಗೆ. ಅದಕ್ಕೆ ತಯಾರಿಲ್ಲದ ಮಾಲೀಕರು ಅವನನ್ನು ಬಿಡುವುದೇ ಒಳ್ಳೆಯದು.

ಲೀಗ್ ಸಮಿತಿಗಳು ಮಾಡಬೇಕಾದ ಕೆಲಸಗಳೂ ಇವೆ. ಯಾವುದೂ ದೊಡ್ಡದಲ್ಲ.

ಒಂದು, ರಿಟೇನ್ ಲಿಸ್ಟ್‌ನಲ್ಲಿ ಆಟಗಾರನ ಸಹಿಯೂ ಇರಲಿ. ಅವನನ್ನು ಕೇಳದೆ ಅವನ ಹೆಸರು ಬರೆಯುವ ಪದ್ಧತಿ ನಿಲ್ಲಲಿ.

ಎರಡು, ಗಾಯವಾದರೆ ಬದಲಿ ಆಟಗಾರನನ್ನು ಬೇಸ್ ಬೆಲೆಗೆ ತರಲು ಅವಕಾಶ ಕೊಡಿ. ತಂಡಕ್ಕೆ ದಾರಿ ಇದ್ದರೆ ನೋವಿರುವ ಹುಡುಗನ ಮುಖ ನೋಡುತ್ತಾ ಕೂರುವ ಪರಿಸ್ಥಿತಿ ಬರುವುದಿಲ್ಲ.

ಮೂರು, ತಂಡಗಳ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಚಿಕಿತ್ಸೆಗೆ ತೆಗೆದಿಡಿ. ಡಿಜೆಗೆ, ಪಟಾಕಿಗೆ, ಫ್ಲೆಕ್ಸಿಗೆ ಹಣ ಹೊಂದಿಸುವ ನಮಗೆ ಒಂದು ಎಕ್ಸ್‌ರೇಗೆ ಹೊಂದಿಸುವುದು ಕಷ್ಟವಲ್ಲ.

ಇದಕ್ಕೆ ಸಮಿತಿಯ ಒಬ್ಬರು, "ಇವೆಲ್ಲ ಮಾಡ್ತಾ ಕೂತ್ರೆ ಲೀಗ್ ನಡ್ಸೋದ್ ಹೆಂಗಪ್ಪ, ಇದೇನ್ ಐಪಿಎಲ್ಲಾ?" ಎಂದರು. ಅವರ ಮಾತಿನಲ್ಲೂ ಹುರುಳಿದೆ. ಸಮಿತಿಯವರೂ ಕೈಯಿಂದ ಹಣ ಹಾಕಿ, ಮನೆಯವರ ಹತ್ತಿರ ಬೈಸಿಕೊಂಡು ಲೀಗ್ ನಡೆಸುವವರೇ. ಆದರೆ ಹರಾಜು, ಪಾಯಿಂಟ್, ರಿಟೇನ್, ಐಕಾನ್ ಆಟಗಾರ ಎಲ್ಲವನ್ನೂ ಐಪಿಎಲ್‌ನಿಂದಲೇ ತಂದಿದ್ದೇವೆ. ಗಾಯಾಳುವಿನ ನಿಯಮ ಒಂದನ್ನು ಮಾತ್ರ ಅಲ್ಲೇ ಬಿಟ್ಟು ಬಂದದ್ದು ಯಾಕೆ?

ಪತ್ರಕರ್ತರಾದ ನಮಗೂ ಒಂದು ಪಾಠ ಇದರಲ್ಲಿದೆ. ಇನ್ನು ಮುಂದೆ ಬಟ್ಟೆ ಬಿಗಿದುಕೊಂಡು ಆಡಿದವನ ಫೋಟೊ ಹಾಕಿ ಹೊಗಳುವ ಹೆಡ್ಡಿಂಗ್ ಬರೆಯುವುದಿಲ್ಲ. ಅವನು ಯಾಕೆ ಆಡಬೇಕಾಯಿತು ಎಂದು ಮೊದಲು ಕೇಳುತ್ತೇವೆ.

ಅಂಗಡಿ ಅಣ್ಣನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆವು. ಹುಡುಗನ ಒಪ್ಪಿಗೆ ಪಡೆದೇ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲು ಡಾಕ್ಟ್ರಿಗೆ ತೋರಿಸೋಣ. ಬುಧವಾರ ನಾನೇ ಕರ್ಕೊಂಡ್ ಹೋಗ್ತೀನಿ. ಅವರು ಬೌಲಿಂಗ್ ಬೇಡ ಅಂದ್ರೆ ಬ್ಯಾಟಿಂಗ್ ಮಾಡ್ಲಿ. ಅದೂ ಬೇಡ ಅಂದ್ರೆ ನಮ್ ತಂಡದ ಕೋಚ್ ಆಗಿ ಕೂರ್ಲಿ" ಎಂದರು.

ಗುರುವಾರದ ಪಟ್ಟಿಯಲ್ಲಿ ಅವನ ಹೆಸರು ಇರುತ್ತದೋ ಇಲ್ಲವೋ, ಅದನ್ನು ಇನ್ನು ಡಾಕ್ಟರು ಹೇಳಬೇಕು. ನಿಮ್ಮೂರ ಲೀಗ್‌ನಲ್ಲೂ ಹರಾಜು ಹತ್ತಿರ ಬಂದಿದ್ದರೆ, ಪಟ್ಟಿ ಕೊಡುವ ಮೊದಲು ನಿಮ್ಮ ಹುಡುಗರನ್ನು ಒಮ್ಮೆ ಕೂರಿಸಿಕೊಂಡು ಕೇಳಿ: ಎಲ್ಲಿ ನೋಯುತ್ತಿದೆ?